ಖಾಲಿ ಶೆಡ್ಡಿನ ಬಿಸಿ

ಶೆಡ್ಡಿನೊಳಗೆ ಏನೂ ಇರಲಿಲ್ಲ. ಮೊದಲು ಅದನ್ನು ಹೇಳಿಬಿಡಬೇಕು. ಕೋಳಿ ಇಲ್ಲ, ದನ ಇಲ್ಲ, ಹುಲ್ಲಿಲ್ಲ, ಕಾಲು ಮುರಿದ ಒಂದು ಕುರ್ಚಿಯೂ ಇಲ್ಲ. ನೂರಿಪ್ಪತ್ತು ಅಡಿ ಉದ್ದದ ತಗಡಿನ ಶೆಡ್ಡು. ಗೋಡೆಯುದ್ದಕ್ಕೂ ತೋಳು ಗಾತ್ರದ ಬಿಸಿನೀರಿನ ಕೊಳವೆ. ಒಳಗೆ ಸೆಕೆ ತಡೆಯೋಕಾಗದೆ ಕಿಟಕಿ ತೆಗೆದಿಟ್ಟಿದ್ದರು. ಆ ಬಿಸಿಯೆಲ್ಲ ಕಿಟಕಿಯಿಂದ ಹೊರಗೆ ಹೋಗಿ ಟೈರೋನ್ ಸೀಮೆಯ ನವೆಂಬರ್ ಆಕಾಶವನ್ನು ಕಾಯಿಸುತ್ತಿತ್ತು. ಆಕಾಶವೇನು ಉಪಕಾರ ನೆನೆಯಲಿಲ್ಲ. ಮಳೆ ಸುರಿಯುತ್ತಲೇ ಇತ್ತು.

ಆ ನೀರು ಕಾಯಿಸುವ ಬಾಯ್ಲರಿನ ಬೆಂಕಿಗೆ ತುತ್ತು ಹಾಕುವವಳು ಅಸುಂಪ್ತಾ ಕ್ವಿಗ್. ಐವತ್ತೆಂಟು ವರ್ಷ. ಮರದ ಹೊಟ್ಟನ್ನು ಒತ್ತಿ ಮಾಡಿದ ಬೆರಳುದ್ದದ ಕಡ್ಡಿಗಳು, ಹದಿನೈದು ಕಿಲೋದ ಚೀಲದಲ್ಲಿ ಬರುತ್ತಿದ್ದವು. ದಿನಕ್ಕೆ ಮೂವತ್ತು ಚೀಲ. ಹೆಗಲ ಮೇಲೆ ಹೊತ್ತು, ಏಣಿ ಹತ್ತಿ, ತೊಟ್ಟಿಗೆ ಸುರಿಯಬೇಕು. ಕೆಳಗೆ ಇಳಿದು ಬೂದಿ ಕೆರೆಯಬೇಕು. ಮತ್ತೆ ಹತ್ತಬೇಕು. ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿಳಿದಿತ್ತು. ಚರ್ಚಿನಲ್ಲಿ ಮೊಣಕಾಲೂರಿದರೆ ಏಳೋಕೆ ಪಕ್ಕದವರ ಕೈ ಬೇಕು.

ಖಾಲಿ ಶೆಡ್ಡನ್ನು ಯಾಕೆ ಕಾಯಿಸಬೇಕು ಅಂತ ನೀವು ಕೇಳಬಹುದು. ಮೊದಲ ದಿನ ಅವಳೂ ಕೇಳಿದಳು. ಶೆಡ್ಡಿನ ಯಜಮಾನ ಫರ್ಗಲ್ ಹ್ಯಾಗನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಣ್ಣೆ ಸುಡಬೇಡಿ, ಕಲ್ಲಿದ್ದಲು ಸುಡಬೇಡಿ, ಮರ ಸುಡಿ, ಭೂಮಿ ತಣ್ಣಗಿರುತ್ತೆ ಅಂತ ಸರ್ಕಾರ ಹೇಳ್ತಿದೆ. ಸುಟ್ಟಷ್ಟಕ್ಕೂ ದುಡ್ಡು ಕೊಡುತ್ತೆ. ಒಂದು ಪೌಂಡಿನ ಕಡ್ಡಿ ಸುಟ್ಟರೆ ಒಂದೂವರೆ ಪೌಂಡು ವಾಪಸ್ಸು. ಇಪ್ಪತ್ತು ವರ್ಷ. ನೀನೇ ಹೇಳು, ಸುಡದೇ ಇದ್ದರೆ ನಾನು ಮುಠ್ಠಾಳ ಅಲ್ವಾ?"

"ಹಾಗಾದ್ರೆ ನಮ್ಮ ಸಾಲಿಗೂ ಒಂದು ಕೊಳವೆ ಎಳೀರಿ ಸರ್. ನಲವತ್ತು ಹೆಜ್ಜೆ ಅಷ್ಟೇ."

"ಆಗಲ್ಲ ಕಣಮ್ಮಾ. ಯೋಜನೆ ಇರೋದು ವ್ಯವಹಾರಕ್ಕೆ. ಜನ ವಾಸ ಮಾಡೋ ಮನೆಗಲ್ಲ. ರೂಲ್ಸು."

ರೂಲ್ಸು ಅಂದಾಗ ಅವನು ಎದೆ ಮುಟ್ಟಿಕೊಂಡ. ಭಾನುವಾರ ಮೊದಲ ಸಾಲಿನಲ್ಲಿ ಕೂತು ಪ್ರಾರ್ಥನೆ ಹೇಳುವಾಗಲೂ ಹಾಗೇ ಮುಟ್ಟಿಕೊಳ್ಳುತ್ತಿದ್ದ. ಅಸುಂಪ್ತಾಳ ತಾಯಿಯ ಕಡೆಯಿಂದ ದೂರದ ನೆಂಟ ಬೇರೆ. ಹೊರಗಿನವನಾಗಿದ್ದರೆ ಬೈಯೋಕಾದರೂ ಸಲೀಸಾಗಿರುತ್ತಿತ್ತು.

ಆ ನಲವತ್ತು ಹೆಜ್ಜೆ ಆಚೆ ಇರುವುದು ಮಿಲ್ ಸಾಲು. ಹಿಂದೆ ನಾರುಬಟ್ಟೆಯ ಗಿರಣಿ ಇತ್ತಲ್ಲ, ಅದರ ಕೂಲಿಗಳಿಗೆ ಅಂತ ಕಟ್ಟಿದ ಹನ್ನೊಂದು ಮನೆ. ಗಿರಣಿ ಹೋಯಿತು, ಕೂಲಿಗಳು ಉಳಿದರು. ಹನ್ನೊಂದೂ ಮನೆಗಳಿಗೆ ಹ್ಯಾಗನ್ನನೇ ಮಾಲೀಕ. ಗೋಡೆ ಮೇಲೆ ಕಪ್ಪು ಬೂಷ್ಟು. ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಹಾಜರ್. ಅಸುಂಪ್ತಾಳ ಮನೆಯ ಹೀಟರು ಕೆಟ್ಟು ನಾಲ್ಕು ಚಳಿಗಾಲ ಆಗಿತ್ತು. ಪ್ರತಿ ಅಕ್ಟೋಬರಿನಲ್ಲೂ ಹ್ಯಾಗನ್, "ಮುಂದಿನ ವಾರ" ಅನ್ನುತ್ತಿದ್ದ.

ಆ ಮನೆಯೊಳಗೆ ಮಲಾಕಿ ಇದ್ದ, ಅವಳ ಗಂಡ. ಇಪ್ಪತ್ತಾರು ವರ್ಷ ಕಲ್ಲು ಕ್ವಾರಿಯಲ್ಲಿ ದುಡಿದು ಕ್ವಾರಿಯ ಅರ್ಧ ದೂಳನ್ನು ಎದೆಯಲ್ಲಿ ಇಟ್ಟುಕೊಂಡು ಬಂದವನು. ಡಾಕ್ಟರು ಹೇಳಿದ್ದು ಎರಡೇ ಮಾತು. ಬೆಚ್ಚಗಿರಬೇಕು, ಮೈಮೇಲೆ ಒಣಗಿದ ಬಟ್ಟೆ ಇರಬೇಕು. ಇನ್ನೊಂದು ಸಲ ಎದೆಗೆ ಶೀತ ಇಳಿದರೆ ತನ್ನ ಹತ್ತಿರ ಔಷಧಿ ಇಲ್ಲ ಅಂದಿದ್ದ. ಬೆಚ್ಚಗೆ, ಒಣಗಿ. ಮಿಲ್ ಸಾಲಿನಲ್ಲಿ ಎರಡೂ ಸಿಗುತ್ತಿರಲಿಲ್ಲ. ಮಲಾಕಿ ಕೆಮ್ಮಿದರೆ ಹನ್ನೊಂದನೇ ಮನೆಯ ಚಹಾ ಕಪ್ಪು ಅಲುಗುತ್ತಿತ್ತು.

ಹೋದ ಫೆಬ್ರವರಿಯಲ್ಲಿ ಅಸುಂಪ್ತಾ ಒಂದು ತಪ್ಪು ಮಾಡಿದಳು. ಗಂಡನ ಉಣ್ಣೆ ಬನಿಯನ್ ಆರು ದಿನವಾದರೂ ಒಣಗಿರಲಿಲ್ಲ. ಅದನ್ನು ಸೆರಗಿಲ್ಲದವಳು ಎಲ್ಲಿ ಮುಚ್ಚಿಡಬೇಕು, ಕೋಟಿನೊಳಗೆ ಅವುಚಿಕೊಂಡು ತಂದು ಶೆಡ್ಡಿನ ಕೊಳವೆಯ ಮೇಲೆ ಹಾಕಿದಳು. ಹತ್ತು ನಿಮಿಷ. ಅಷ್ಟರಲ್ಲಿ ಹ್ಯಾಗನ್ ಬಂದ.

"ಏನಿದು?"

"ಬನಿಯನ್ ಸರ್. ನಮ್ಮವರದ್ದು."

ಅವನು ಅದನ್ನು ಎರಡೇ ಬೆರಳಲ್ಲಿ ಹಿಡಿದ. ಸತ್ತ ಇಲಿ ಹಿಡಿದ ಹಾಗೆ. ಬಾಗಿಲಿಗೆ ಹೋಗಿ ಸಗಣಿ ನೀರಿನ ಗುಂಡಿಗೆ ಎಸೆದ.

"ಬಡವರ ಬೆವರು ವಾಸನೆ ನನ್ನ ಶೆಡ್ಡಿಗೆ ಬೇಡ. ನಾಳೆಯಿಂದ ಕೋಟು ಹೊರಗೆ ಬಿಚ್ಚಿಟ್ಟು ಒಳಗೆ ಬಾ. ಏನು ಕದ್ದು ತರ್ತೀಯೋ ನೋಡಬೇಕು."

ಅವಳು ಮೊಣಕೈವರೆಗೆ ಕೈಯನ್ನು ಗುಂಡಿಗೆ ಇಳಿಸಿ ಬನಿಯನ್ ಎತ್ತಿದಳು. ಆ ಮನೆಗೂ ಈ ಕೆಲಸಕ್ಕೂ ಅವನೇ ಧಣಿ. ಮಾತಾಡಿದರೆ ಎರಡೂ ಹೋಗುತ್ತವೆ. ಅವತ್ತಿನಿಂದ ನವೆಂಬರ್‌ವರೆಗೆ ಅವಳು ಚಳಿಯಲ್ಲಿ ಕೋಟು ಬಿಚ್ಚಿಟ್ಟು ಸೆಕೆಗೆ ಹೋದಳು, ಸೆಕೆಯಿಂದ ಬೆವರಿಕೊಂಡು ಬಂದು ತಣ್ಣಗೆ ನೆನೆದ ಕೋಟು ಹಾಕಿಕೊಂಡಳು. ಬನಿಯನ್ನಿನ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಎದೆಯ ಹತ್ತಿರ ಅಂಗೈಯಗಲದ ಕಂದು ಕಲೆ. ಅವಳು ಅದನ್ನು ಎಸೆಯಲಿಲ್ಲ. ಯಾಕೆ ಇಟ್ಟುಕೊಂಡೆ ಅಂತ ಮಲಾಕಿ ಕೇಳಿದರೆ, "ಇರಲಿ ಬಿಡು" ಅಂದಳು.

ಇನ್ನು ಕಾಗದ ಬಂದ ಕಥೆಗೆ ಬರೋಣ.

ಮಂಗಳವಾರ ಬೆಳಿಗ್ಗೆ ಹ್ಯಾಗನ್ ಕಾಗದ ಹಿಡಿದು ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು. ಗುರುವಾರ ಹತ್ತು ಗಂಟೆಗೆ ಸರ್ಕಾರದ ಇನ್ಸ್‌ಪೆಕ್ಟರು ಬರುತ್ತಾರೆ. ಬಿಸಿ ಏತಕ್ಕೆ ಬಳಕೆಯಾಗುತ್ತಿದೆ ಅಂತ ಕಣ್ಣಾರೆ ನೋಡುತ್ತಾರೆ. ಅರ್ಜಿಯಲ್ಲಿ ಅವನು ಬರೆದಿದ್ದದ್ದು ಮರ ಒಣಗಿಸುವ ಕೋಣೆ ಅಂತ. ಒಣಗಿಸೋಕೆ ಒಂದು ಕಟ್ಟಿಗೆಯೂ ಇರಲಿಲ್ಲ. ಮರದ ಮಿಲ್ಲಿನವನಿಗೆ ಫೋನು ಮಾಡಿದ. ಅವನಿಗೆ ಹಿಂದೊಮ್ಮೆ ಟೋಪಿ ಹಾಕಿದ್ದ, ಅವನು ಫೋನೇ ಎತ್ತಲಿಲ್ಲ.

"ಅಸುಂಪ್ತಾ," ಅಂದ ಹ್ಯಾಗನ್. ಹತ್ತೊಂಬತ್ತು ತಿಂಗಳಲ್ಲಿ ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು ಬಂತು. "ಗುರುವಾರದೊಳಗೆ ಈ ಶೆಡ್ಡು ತುಂಬಿರಬೇಕು. ನಾನು ಬೆಲ್‌ಫಾಸ್ಟಿಗೆ ಹೋಗಿ ವಕೀಲರನ್ನ ಕಂಡು ಬರ್ತೀನಿ. ನೀನು ಒದ್ದೆ ಇರೋದು ಏನಾದ್ರೂ ತಂದು ತುಂಬಿಸು."

"ಏನಾದ್ರೂ?"

"ಏನಾದ್ರೂ! ಒದ್ದೆ ಇದ್ದರೆ ಸಾಕು. ಜಾಸ್ತಿ ಇದ್ದಷ್ಟೂ ಒಳ್ಳೇದು. ನಾಲ್ಕು ಜನ ಓಡಾಡ್ತಿದ್ರೆ ಇನ್ನೂ ಒಳ್ಳೇದು, ಕೆಲಸ ನಡೀತಿದೆ ಅನ್ನಿಸುತ್ತೆ. ಕಡ್ಡಿ ಎಷ್ಟು ಬೇಕಾದ್ರೂ ಸುರಿ, ತೊಟ್ಟಿ ಭರ್ತಿ ಮಾಡು."

ಅವನ ತಲೆಯಲ್ಲಿದ್ದದ್ದು ಬೇಲಿ ಕಡಿದ ಕಟ್ಟಿಗೆ, ಕೊಳೆತ ಹಲಗೆ. ಆದರೆ ಟೈರೋನಿನ ಹೆಂಗಸಿಗೆ ನವೆಂಬರ್ ತಿಂಗಳಲ್ಲಿ ಒದ್ದೆ ಇರೋದು ಏನಾದ್ರೂ ತಾ ಅನ್ನುವುದೇ? ಅಲ್ಲಿ ಜನ ಬೆಳಿಗ್ಗೆ ಎದುರಾದರೆ ಆರೋಗ್ಯ ವಿಚಾರಿಸುವುದಿಲ್ಲ. ಇವತ್ತು ಬಟ್ಟೆ ಒಣಗುತ್ತೋ ಇಲ್ಲವೋ ಅಂತ ಮಾತಾಡುತ್ತಾರೆ. ಬಿಸಿಲು ಒಂದು ಗಳಿಗೆ ಇಣುಕಿದರೆ ಸಾಕು, ಸಾಲಿನ ಹೆಂಗಸರೆಲ್ಲ ಬುಟ್ಟಿ ಎತ್ತಿಕೊಂಡು ಓಡುತ್ತಾರೆ. ಹನಿ ಬಿದ್ದರೆ ಮತ್ತೆ ಓಡಿ ಒಳಗೆ ತರುತ್ತಾರೆ. ದಿನಕ್ಕೆ ಏಳು ಸಲ, ಎಂಟು ಸಲ. ಪ್ರಾರ್ಥನೆ ತಪ್ಪಿಸಿದರೂ ಇದನ್ನು ತಪ್ಪಿಸುವುದಿಲ್ಲ. ಅಕ್ಟೋಬರಿನಿಂದ ಮಿಲ್ ಸಾಲಿನಲ್ಲಿ ಒಂದು ಕಾಲುಚೀಲವೂ ಪೂರ್ತಿ ಒಣಗಿರಲಿಲ್ಲ.

ಅಸುಂಪ್ತಾ ಬೂದಿ ಕೆರೆಯುವ ಸಲಾಕೆ ಗೋಡೆಗೆ ಒರಗಿಸಿದಳು. ಹ್ಯಾಗನ್ನನ ಕಾರು ತಿರುವು ದಾಟುವವರೆಗೂ ಕಾದಳು. ಆಮೇಲೆ ಸಾಲಿನ ಮೊದಲ ಮನೆಯ ಬಾಗಿಲು ಬಡಿದಳು. ಎಂಬತ್ತೊಂದರ ಮುದುಕಿ ಪೆಗ್ಗಿ ಟೋನರ್ ಬಾಗಿಲು ತೆಗೆದಳು.

"ಪೆಗ್ಗಿ, ಒದ್ದೆ ಏನಿದೆ?"

"ಹಾಸಿಗೆ, ಹೊದಿಕೆ, ಗೋಡೆ, ನಾನು. ಯಾಕೆ?"

"ಎಲ್ಲಾ ತಗೊಂಡು ಬಾ. ಗೋಡೆ ಒಂದು ಬಿಟ್ಟು."

ವಿಷಯ ಕೇಳಿ ಪೆಗ್ಗಿಗೆ ನಗು ತಡೆಯೋಕಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. "ಅವನೇ ಹೇಳಿದ್ನಾ? ಅವನ ಬಾಯಿಂದಲೇ? ಅಯ್ಯೋ ನನ್ನವ್ವಾ, ಬದುಕಿದ್ದಕ್ಕೂ ಸಾರ್ಥಕ ಆಯ್ತು ಕಣೇ!"

ಏಳನೇ ಮನೆಯಲ್ಲಿದ್ದವಳು ಫ್ಲೋರಿಂಡಾ ಶಿಮೆನೆಸ್. ಪೂರ್ವ ತಿಮೋರಿನಿಂದ ಬಂದವಳು, ಕೋಳಿ ಕಾರ್ಖಾನೆಯಲ್ಲಿ ಗಂಟೆಗೆ ಮುನ್ನೂರು ಕೋಳಿಯ ರೆಕ್ಕೆ ಕತ್ತರಿಸುತ್ತಿದ್ದಳು. ಬೆರಳು ಮಡಚೋಕೆ ಬರುತ್ತಿರಲಿಲ್ಲ. ಅವಳ ಮನೆಯಲ್ಲಿ ಆರು ಜನ, ಆರೂ ಜನರ ಕಾರ್ಖಾನೆ ಅಂಗಿ ಮಾಳಿಗೆ ಮೆಟ್ಟಿಲ ಮೇಲೆ ನೇತಾಡುತ್ತಿದ್ದವು.

"ನಮ್ಮೂರಲ್ಲಿ ಬಿಸಿಲು ಪುಕ್ಕಟೆ ಅಕ್ಕಾ," ಅಂದಳು ಫ್ಲೋರಿಂಡಾ. "ಇಲ್ಲಿ ಅದಕ್ಕೂ ಅರ್ಜಿ ಹಾಕ್ಬೇಕಾ?"

"ಅರ್ಜಿ ಹ್ಯಾಗನ್ ಹಾಕಿದ್ದಾನೆ. ನಾವು ಬಟ್ಟೆ ಹಾಕೋಣ ಬಾ."

ಬುಧವಾರ ಇಡೀ ದಿನ ಹೊತ್ತರು. ಹುಲ್ಲಿನ ಪೆಂಡಿ ಕಟ್ಟುವ ನೀಲಿ ಹಗ್ಗವನ್ನು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಾಲು ಕಟ್ಟಿದರು. ದುಪ್ಪಟಿ ಬಂತು. ಕಂಬಳಿ ಬಂತು. ಪರದೆ, ಟವೆಲು, ಮಕ್ಕಳ ಶಾಲೆ ಶೂ, ಒಂಬತ್ತು ಹಾಸಿಗೆ. ಊರಿನ ಫುಟ್‌ಬಾಲ್ ಕ್ಲಬ್ಬಿನ ಮೂವತ್ತು ಜರ್ಸಿ ಒಗೆಯುವವಳು ಮೂರನೇ ಮನೆಯಲ್ಲಿದ್ದಳು, ಅವೂ ಬಂದವು. ಪೆಗ್ಗಿಯ ಒಳಲಂಗಗಳು ಬಾಗಿಲಿಗೆ ನೇರ ಎದುರಿನ ಹಗ್ಗದ ಮೇಲೆ ಏರಿದವು, ಅದು ಅವಳ ಹಟ. ಕೊನೆಗೆ ಅವಳು ಒಂದು ಪೆಟ್ಟಿಗೆ ತಂದಳು. ಒಳಗೆ ಮದುವೆಯ ಗೌನು. ಐವತ್ತೊಂಬತ್ತು ವರ್ಷದಿಂದ ಪೆಟ್ಟಿಗೆಯೊಳಗೇ ತೇವ ಕುಡಿದು ಹಳದಿಯಾಗಿತ್ತು. ಅದನ್ನು ಕೊಡವಿ ಹಾಕುವಾಗ ಮುದುಕಿಯ ಕಣ್ಣಲ್ಲಿ ನೀರು ಬಂತು. ಯಾರೂ ತಮಾಷೆ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ತೊಟ್ಟಿ ಕಂಠಮಟ್ಟ ತುಂಬಿಸಿದ ಮೇಲೆ ಅಸುಂಪ್ತಾ ಮನೆಗೆ ಹೋಗಿ ಮಲಾಕಿಯನ್ನು ನೋಡಿದಳು. ಎರಡು ಕೋಟು ಹಾಕಿಕೊಂಡು ಕೂತು ಕೆಮ್ಮುತ್ತಿದ್ದ.

"ನೀನೂ ಒದ್ದೆ ಇದ್ದೀಯ. ನಡಿ."

ಆರಾಮಕುರ್ಚಿ ಸಮೇತ ಅವನನ್ನು ನಾಲ್ಕು ಹೆಂಗಸರು ಎತ್ತಿ ತಂದು ಕೊಳವೆಯ ಪಕ್ಕ ಇಟ್ಟರು. ಅರ್ಧ ಗಂಟೆಗೆ ಅವನು ಒಂದು ಕೋಟು ಬಿಚ್ಚಿದ. ಒಂದು ಗಂಟೆಗೆ ಇನ್ನೊಂದು. ಅಸುಂಪ್ತಾ ಬಟ್ಟೆ ತಿರುಗಿಸುತ್ತಿದ್ದವಳು ತಟ್ಟನೆ ನಿಂತಳು. ಏನೋ ಸದ್ದು ನಿಂತುಹೋಗಿತ್ತು. ತಿರುಗಿ ನೋಡಿದಳು. ಮಲಾಕಿ ಸುಮ್ಮನೆ ಕೂತು ಉಸಿರಾಡುತ್ತಿದ್ದ. ಕೆಮ್ಮು ನಿಂತಿತ್ತು. ಅಷ್ಟೇ. ಅವಳಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಇದು ಇಷ್ಟು ಸುಲಭವಿತ್ತೇ? ನಲವತ್ತು ಹೆಜ್ಜೆಯೇ? ಹತ್ತೊಂಬತ್ತು ತಿಂಗಳು ಈ ಮನುಷ್ಯ ರಕ್ತ ಕೆಮ್ಮಿದ್ದು ನಲವತ್ತು ಹೆಜ್ಜೆಗೋಸ್ಕರವೇ?

ಒಂಬತ್ತೂಮುಕ್ಕಾಲಿಗೆ ಹ್ಯಾಗನ್ ಬಂದ. ಬಾಗಿಲು ತೆಗೆದು ಎರಡು ಹೆಜ್ಜೆ ಒಳಗೆ ಇಟ್ಟ. ಪೆಗ್ಗಿಯ ಒಳಲಂಗ ಅವನ ಮುಖಕ್ಕೆ ಅಂಟಿಕೊಂಡಿತು.

"ಏನಿದು! ಏನಿದು ಹಾಳಾದ್ದು!"

"ಒದ್ದೆ ಇರೋದು ಸರ್," ಅಂದಳು ಅಸುಂಪ್ತಾ. "ನೀವೇ ಹೇಳಿದ್ರಲ್ಲ."

"ಮರ ಅಂದೆ ನಾನು, ಮರ!"

"ಏನಾದ್ರೂ ಅಂದ್ರಿ ಸರ್. ಎರಡು ಸಲ ಅಂದ್ರಿ."

"ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಲೂ ಅಂದ್ರಂತೆ," ಅಂತ ಪೆಗ್ಗಿ ಹಗ್ಗದ ಆಚೆಯಿಂದ ಸೇರಿಸಿದಳು. "ಇನ್ನೂ ಬೇಕಿದ್ರೆ ಪಾದ್ರಿಗಳ ನಿಲುವಂಗಿ ತರಿಸ್ಲಾ? ಅವರದ್ದೂ ಒದ್ದೇನೇ."

ಬಿಚ್ಚಿ ಎಸೆಯಿರಿ ಅನ್ನುವಷ್ಟರಲ್ಲಿ ಅಂಗಳದಲ್ಲಿ ಕಾರಿನ ಬಾಗಿಲು ಬಡಿದ ಸದ್ದು. ಹ್ಯಾಗನ್ ಬಾಯಿ ಮುಚ್ಚಿಕೊಂಡ.

ಇನ್ಸ್‌ಪೆಕ್ಟರು ಮೂವತ್ತರ ಹುಡುಗಿ, ಹೆಸರು ಓರ್ಲಾ. ಮಳೆಯಲ್ಲಿ ತೊಪ್ಪೆಯಾಗಿದ್ದಳು. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಯಿತು. ಅದನ್ನು ಒರೆಸುವಷ್ಟರಲ್ಲಿ ಪೆಗ್ಗಿ ಅವಳ ಕೋಟು ಬಿಚ್ಚಿಸಿ ಹಗ್ಗಕ್ಕೆ ಹಾಕಿಬಿಟ್ಟಿದ್ದಳು. ಫ್ಲೋರಿಂಡಾ ಕೈಗೆ ಚಹಾ ಕೊಟ್ಟಳು. ಓರ್ಲಾ ಶೆಡ್ಡಿನ ಉದ್ದಕ್ಕೂ ನೋಡಿದಳು. ಜರ್ಸಿ, ಹಾಸಿಗೆ, ಮದುವೆ ಗೌನು, ಆರಾಮಕುರ್ಚಿಯಲ್ಲಿ ಒಬ್ಬ ಗಂಡಸು.

"ಮಿಸ್ಟರ್ ಹ್ಯಾಗನ್, ಅರ್ಜಿಯಲ್ಲಿ ಮರ ಅಂತ ಇದೆ."

"ಈಗ ಲಾಂಡ್ರಿ," ಅಂದ ಹ್ಯಾಗನ್. ಅವನು ಬುದ್ಧಿವಂತ, ಅದನ್ನು ಒಪ್ಪಲೇಬೇಕು. "ವ್ಯವಹಾರ ಬದಲಾಯಿಸಿದೆ. ಇವರೆಲ್ಲ ನನ್ನ ಕೆಲಸದವರು. ಹನ್ನೊಂದು ಜನಕ್ಕೆ ಉದ್ಯೋಗ ಕೊಟ್ಟಿದ್ದೀನಿ ಮೇಡಂ."

"ಮನೆಗಳ ಸ್ವಂತ ಬಟ್ಟೆಯಾದರೆ ಯೋಜನೆಗೆ ಸೇರುವುದಿಲ್ಲ. ಖಾಲಿ ಕಾಯಿಸಿದ್ದರೆ ಹಣ ನಿಲ್ಲುತ್ತೆ, ಕೊಟ್ಟದ್ದನ್ನೂ ವಾಪಸ್ ಕೇಳ್ತಾರೆ. ಇವರನ್ನೇ ಕೇಳಬಹುದಾ?"

"ಒಂದೇ ನಿಮಿಷ," ಅಂತ ಹ್ಯಾಗನ್ ಅಸುಂಪ್ತಾಳ ಮೊಣಕೈ ಹಿಡಿದು ದುಪ್ಪಟಿಯ ಹಿಂದಕ್ಕೆ ಎಳೆದ. ಅವನ ಉಸಿರು ಅವಳ ಕಿವಿಗೆ ತಾಗಿತು.

"ಹೌದು ಅನ್ನು. ಲಾಂಡ್ರಿ ಅನ್ನು. ನಿನ್ನ ಹೀಟರು ಮುಂದಿನ ವಾರ ರಿಪೇರಿ. ಗುರುವಾರ ಗುರುವಾರ ನಿನ್ನ ಗಂಡ ಇಲ್ಲಿ ಕೂರಲಿ. ಇಲ್ಲ ಅಂದ್ಯೋ, ಬೆಂಕಿ ಆರುತ್ತೆ. ಅವನು ಆ ಮನೆಗೇ ವಾಪಸ್ ಹೋಗ್ಬೇಕು. ಯೋಚನೆ ಮಾಡು."

ಅವಳು ಯೋಚನೆ ಮಾಡಿದಳು. ನಿಜವಾಗಿಯೂ ಮಾಡಿದಳು, ಸುಳ್ಳು ಹೇಳಬಾರದು. ಒಂದು ಹೌದು. ಅಷ್ಟಕ್ಕೆ ವಾರಕ್ಕೊಂದು ದಿನ ಅವನಿಗೆ ಉಸಿರು ಸಿಗುತ್ತದೆ. ದುಪ್ಪಟಿಯ ಸಂದಿಯಿಂದ ಮಲಾಕಿ ಕಾಣುತ್ತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು. ಕ್ವಾರಿಯ ಸಿಡಿಮದ್ದಿನಲ್ಲಿ ಹೋದದ್ದು ಒಂದೇ ಕಿವಿ. ಅವನು ತಲೆಯನ್ನು ಅಡ್ಡಕ್ಕೆ ಒಂದು ಸಲ ಆಡಿಸಿದ. ಆಮೇಲೆ ಕಣ್ಣು ಹೊಡೆದ, ಮೂವತ್ತು ವರ್ಷದ ಹಿಂದೆ ಡ್ಯಾನ್ಸ್ ಹಾಲಿನಲ್ಲಿ ಹೊಡೆದಂತೆಯೇ.

"ಬಿಡಿ ಸರ್ ಕೈ," ಅಂದಳು ಅಸುಂಪ್ತಾ. ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಅವನು ಬಿಟ್ಟ.

ಅವಳು ಓರ್ಲಾಳ ಎದುರಿಗೆ ಬಂದು ನಿಂತಳು. "ಇದು ಲಾಂಡ್ರಿ ಅಲ್ಲಮ್ಮಾ. ನಾವು ಇವನ ಕೆಲಸದವರೂ ಅಲ್ಲ. ಕೆಲಸದವಳು ನಾನೊಬ್ಬಳೇ. ದಿನಕ್ಕೆ ಮೂವತ್ತು ಚೀಲ, ಈ ಹೆಗಲ ಮೇಲೆ, ಹತ್ತೊಂಬತ್ತು ತಿಂಗಳು. ಮೊನ್ನೆ ಮಂಗಳವಾರದವರೆಗೆ ಈ ಶೆಡ್ಡಲ್ಲಿ ಒಂದು ಇರುವೆನೂ ಇರ್ಲಿಲ್ಲ. ಇವನು ಒದ್ದೆ ಏನಾದ್ರೂ ತಂದು ತುಂಬಿಸು ಅಂದ. ತುಂಬಿಸಿದ್ದೀವಿ."

"ಹತ್ತೊಂಬತ್ತು ತಿಂಗಳಲ್ಲಿ ಇಲ್ಲಿ ಏನೂ ಒಣಗಿಲ್ಲವಾ?"

"ಒಂದು ಒಣಗಿತ್ತು. ಹತ್ತು ನಿಮಿಷ."

ಅವಳು ಕೊಳವೆಯ ಮೇಲಿದ್ದ ಉಣ್ಣೆ ಬನಿಯನ್ ಎತ್ತಿ ಹಿಡಿದಳು. ಕಂದು ಕಲೆ ಎಲ್ಲರಿಗೂ ಕಾಣುವಂತೆ. "ನಮ್ಮವರದ್ದು. ಇವನು ಸಗಣಿ ಗುಂಡಿಗೆ ಎಸೆದ. ಬಡವರ ವಾಸನೆ ಅಂತ. ಬೇಕಿದ್ರೆ ಮೂಸಿ ನೋಡಿ, ಈಗ ಸೋಪಿನ ವಾಸನೆ ಬರ್ತಿದೆ."

ಓರ್ಲಾ ಮೂಸಲಿಲ್ಲ. ಬರೆಯತೊಡಗಿದಳು.

"ಇನ್ನೊಂದು ಕೇಳ್ತೀನಿ," ಅಂದಳು ಅಸುಂಪ್ತಾ. "ಆ ಹಾಳೇಲಿ ಇದಕ್ಕೆ ಜಾಗ ಇದೆಯಾ? ನಲವತ್ತು ಹೆಜ್ಜೆ ಆಚೆ ಹನ್ನೊಂದು ಮನೆ ತಣ್ಣಗಿದಾವೆ ಅಂತ?"

ಓರ್ಲಾ ಹಾಳೆ ತಿರುಗಿಸಿದಳು. ಮುಂದೆ ನೋಡಿದಳು, ಹಿಂದೆ ನೋಡಿದಳು. ಅವಳ ಕಿವಿ ಕೆಂಪಾಯಿತು. "ಇಲ್ಲ. ಅದಕ್ಕೆ ಕಾಲಂ ಇಲ್ಲ."

"ಹಾಗಾದ್ರೆ ಅಂಚಲ್ಲಿ ಬರೀರಿ. ನಾವು ಇರೋದೇ ಅಲ್ಲಿ."

ಓರ್ಲಾ ಅಂಚಿನಲ್ಲಿ ಬರೆದಳು. ಹಾಳೆಯನ್ನು ಅಡ್ಡ ತಿರುಗಿಸಿಕೊಂಡು, ಸಣ್ಣ ಅಕ್ಷರದಲ್ಲಿ, ಹನ್ನೊಂದೂ ಮನೆಯ ನಂಬರು ಕೇಳಿ ಕೇಳಿ ಬರೆದಳು.

ಹ್ಯಾಗನ್ನನ ಬುದ್ಧಿವಂತಿಕೆ ಅಲ್ಲಿಗೆ ಮುಗಿಯಿತು. ಬಾಯಿಗೆ ಬಂದದ್ದೆಲ್ಲ ಆಡಿದ. "ಹೊರಗೆ! ಎಲ್ಲರೂ ಹೊರಗೆ! ಅಸುಂಪ್ತಾ, ನಿನ್ನ ಕೆಲಸ ಮುಗೀತು, ಈ ಕ್ಷಣ, ಇಲ್ಲೇ! ನಿಮ್ಮ ಚಿಂದಿ ಕಿತ್ಕೊಂಡು ಹೊರಡಿ! ನಾನೇ ಬೆಂಕಿ ಆರಿಸ್ತೀನಿ!"

ದಾಪುಗಾಲು ಹಾಕಿಕೊಂಡು ಬಾಯ್ಲರು ಕೋಣೆಗೆ ಹೋದ.

ಯಾರೂ ಅಲುಗಲಿಲ್ಲ. ಪೆಗ್ಗಿ ಒಂದು ದುಪ್ಪಟಿ ಮುಟ್ಟಿ ನೋಡಿದಳು. "ಇನ್ನೂ ತೇವ ಇದೆ," ಅಂದಳು. ಅರೆ ಒಣಗಿದ ಬಟ್ಟೆಯನ್ನು ಹಗ್ಗದಿಂದ ತೆಗೆಯುವ ಹೆಂಗಸು ಆ ಸೀಮೆಯಲ್ಲಿ ಹುಟ್ಟಿಲ್ಲ.

ಬಾಯ್ಲರು ಕೋಣೆಯಿಂದ ಢಣ್ ಅಂತ ಸದ್ದು ಬಂತು. ಆಮೇಲೆ ಬುಸ್ ಅಂತ. ಹ್ಯಾಗನ್ ಹೊರಗೆ ಬಂದ. ತಲೆಯಿಂದ ಸೊಂಟದವರೆಗೆ ಬೂದಿ. ಬೂದಿ ಊದುವ ಗುಂಡಿ ಒತ್ತಿದ್ದ. ಆ ಯಂತ್ರ ಆಸ್ಟ್ರಿಯಾದಿಂದ ಬಂದದ್ದು, ಗುಂಡಿಗಳ ಮೇಲೆಲ್ಲ ಜರ್ಮನ್ ಭಾಷೆ. ಹತ್ತೊಂಬತ್ತು ತಿಂಗಳಲ್ಲಿ ಅವನು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಯಾವ ಗುಂಡಿ ಏನು ಮಾಡುತ್ತದೆ ಅಂತ ಕಲಿತವಳು ಒಬ್ಬಳೇ, ಕೈ ಸುಟ್ಟುಕೊಂಡು ಕಲಿತವಳು. ಮೇನ್ ಸ್ವಿಚ್ಚು ತೆಗೆಯೋಣ ಅಂದರೆ ಅದೇ ತಂತಿಯಲ್ಲಿ ಅಂಗಳದಾಚೆಯ ಶೆಡ್ಡುಗಳಲ್ಲಿದ್ದ ಅವನ ಹದಿನಾರು ಸಾವಿರ ಕೋಳಿಗಳ ಫ್ಯಾನು ತಿರುಗುತ್ತಿತ್ತು, ಅದು ನಿಂತರೆ ಕೋಳಿಗಳು ಉಸಿರುಕಟ್ಟಿ ಸಾಯುತ್ತವೆ. ತೊಟ್ಟಿಯಲ್ಲಿ ಭಾನುವಾರದವರೆಗೆ ಸಾಕಾಗುವಷ್ಟು ಕಡ್ಡಿ.

"ಇದನ್ನ ಹೇಗೆ ಆರಿಸೋದು?" ಅಂತ ಅಸುಂಪ್ತಾಳನ್ನು ಕೇಳಿದ.

"ನಂಗೇನು ಗೊತ್ತು ಸರ್?" ಅಂದಳು ಅಸುಂಪ್ತಾ. "ನಿಮ್ಮ ಕೆಲಸದವರನ್ನ ಕೇಳಿ."

ಶೆಡ್ಡಿನಲ್ಲಿ ಎದ್ದ ನಗೆಗೆ ತಗಡು ಅದುರಿತು. ಓರ್ಲಾ ಚಹಾ ಕಪ್ಪಿನೊಳಗೆ ಮುಖ ಇಟ್ಟುಕೊಂಡಳು. ಅವಳೂ ಹೊರಡುವಂತಿರಲಿಲ್ಲ, ಅವಳ ಕೋಟು ಒಣಗಿರಲಿಲ್ಲ. ಫ್ಲೋರಿಂಡಾ ನಗುತ್ತಾ ನಗುತ್ತಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಅವು ಮಡಚುತ್ತಿದ್ದವು.

ಹ್ಯಾಗನ್ ಬೂದಿಯಲ್ಲೇ ನಿಂತಿದ್ದ. ಮನೆ ಖಾಲಿ ಮಾಡಿಸ್ತೀನಿ ಅಂದ. ಮಾಡಿಸಬಹುದು, ಅವನ ಕೈಯಲ್ಲಿ ಅದಿದೆ. ಅಸುಂಪ್ತಾಳಿಗೂ ಗೊತ್ತು. ಭಾನುವಾರ ಬೆಂಕಿ ಆರುತ್ತದೆ ಅಂತಲೂ ಗೊತ್ತು. ಅವಳು ಹೋಗಿ ತನ್ನ ಕೋಟನ್ನು ತಂದಳು. ಫೆಬ್ರವರಿಯಿಂದ ಬಾಗಿಲ ಹೊರಗೆ ಮೊಳೆಗೆ ನೇತಾಡಿದ ಕೋಟು. ಅದನ್ನು ಒಳಗೆ ತಂದು, ಅವನ ಕಣ್ಣೆದುರೇ, ಕೊಳವೆಯ ಮೇಲೆ ಹರಡಿ ಹಾಕಿದಳು.

ಆಮೇಲೆ ಬನಿಯನ್ ತೆಗೆದುಕೊಂಡು ಮಲಾಕಿಯ ಹತ್ತಿರ ಹೋದಳು. ಅಂಗಿ ಬಿಚ್ಚಿಸಿದಳು, ಹನ್ನೊಂದು ಮನೆಯ ಹೆಂಗಸರ ಎದುರು. ಬಿಸಿ ಬನಿಯನ್ನನ್ನು ತಲೆಯ ಮೇಲಿಂದ ಇಳಿಸಿ ಎದೆಯ ಮೇಲೆ ಸರಿಮಾಡಿದಳು. ಕಲೆ ನಟ್ಟನಡುವೆ ಬಂತು.

"ಹೆಂಗಿದೆ?"

"ಸುಡ್ತಾ ಇದೆ ಕಣೇ," ಅಂದ ಮಲಾಕಿ. ಒಂದೇ ಉಸಿರಿಗೆ ಅಂದ. "ಬಿಚ್ಚಬೇಡ."